ಎರಡು ಸಾವಿರದ ಟಿಕೆಟ್

(ಪುಣೆಯಲ್ಲಿ ಕನ್ನಡದ ಗೆಳೆಯರು ಒಂದು ಭಾನುವಾರ ಸೇರಿದಾಗ ಆಡಿದ ಮಾತುಗಳು ಇವು. ಬರೆದುಕೊಳ್ಳುವಾಗ ಅಲ್ಲಲ್ಲಿ ಸರಿಪಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೇಗದ ಮಿತಿ ಬಗ್ಗೆ ಮಾತಾಡಿ ಅಂತ ನಿಮ್ಮ ಕಾರ್ಯದರ್ಶಿಗಳು ಫೋನ್ ಮಾಡಿದಾಗ ನನ್ನ ಹೆಂಡತಿ ಪಕ್ಕದಲ್ಲೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ದೊಡ್ಡ ಮನುಷ್ಯನ ಹಾಗೆ ಒಪ್ಪಿಕೊಂಡು ಫೋನ್ ಇಟ್ಟೆ. ಅವಳು ತಲೆ ಎತ್ತದೆ ಕೇಳಿದಳು: "ಆ ಎರಡ್ ಚಲನ್ ಸುದ್ದಿನೂ ಹೇಳ್ತೀರೇನ್ರಿ?"

ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವಳೇ ಎದ್ದು ಹೇಳುತ್ತಾಳೆ, ಎರಡನೇ ಸಾಲಿನಲ್ಲೇ ಕೂತಿದ್ದಾಳೆ.

ಮುಂಬೈಯ ಮಾಟುಂಗಾದಲ್ಲಿ ನೆಂಟರ ಮದುವೆ ಇತ್ತು. ಬೆಳಗಿನ ಮುಹೂರ್ತ. ಮನೆ ಬಿಡುವುದು ಅರ್ಧ ಗಂಟೆ ತಡವಾಯಿತು. ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾ ದಾಟಿ ಬೋರ್ ಘಾಟ್ ಇಳಿಯುವಾಗ ಬೋರ್ಡಿನ ಮೇಲೆ 60 ಅಂತ ಇತ್ತು. ನನ್ನ ಕಾರು 74ರಲ್ಲಿತ್ತು. ಮುಂದೆ ಇನ್ನೊಂದು ಕಡೆ 71. ನನಗೆ ಜೋರಾಗಿ ಹೋಗುತ್ತಿದ್ದೇನೆ ಅಂತ ಅನಿಸಿರಲೇ ಇಲ್ಲ. ಇಳಿಜಾರಲ್ಲವೇ, ಗಾಡಿ ತಾನಾಗಿಯೇ ಓಡುತ್ತದೆ. ಕೆಲವು ದಿನ ಬಿಟ್ಟು ಮೊಬೈಲಿಗೆ ಎರಡು ಮೆಸೇಜ್ ಬಂದವು. ಒಂದೊಂದಕ್ಕೆ ಎರಡು ಸಾವಿರ.

ಮೂವತ್ತೆರಡು ವರ್ಷ ನಾನು ಮಾಡಿದ ಕೆಲಸ ವಾಹನ ವಿಮೆಯ ಸರ್ವೇಯರ್‌ದು. ಅಪಘಾತವಾದ ಗಾಡಿ ನೋಡುವುದು, ಅಳೆಯುವುದು, ಫೋಟೋ ತೆಗೆಯುವುದು, ಎಷ್ಟು ಲುಕ್ಸಾನು ಅಂತ ಬರೆಯುವುದು. ಅಂಥವನಿಗೂ ಆ ಮೆಸೇಜ್ ನೋಡಿದಾಗ ಬಂದ ಮೊದಲ ಯೋಚನೆ ಏನು ಗೊತ್ತಾ? "ಹೋಗ್ಲಿ ಬಿಡು, ಮದುವೆ ಖರ್ಚಿಗೆ ನಾಲ್ಕು ಸಾವಿರ ಸೇರಿಸಿಕೊಂಡ್ರಾಯ್ತು."

ಇವತ್ತು ನಾನು ಮಾತಾಡಬೇಕಾಗಿರುವುದು ಆ ಯೋಚನೆಯ ಬಗ್ಗೆ. ನಾವು ದಂಡವನ್ನು ದಂಡ ಅಂತ ನೋಡುವುದೇ ಇಲ್ಲ. ಟಿಕೆಟ್ ಅಂತ ನೋಡುತ್ತೇವೆ. ಟೋಲ್ ಕೊಟ್ಟ ಹಾಗೆ ಇದನ್ನೂ ಕೊಟ್ಟರೆ ಲೆಕ್ಕ ಚುಕ್ತಾ. ಕೊಟ್ಟವನಿಗೆ ಜೋರಾಗಿ ಹೋಗುವ ಹಕ್ಕು.

ಮೊದಲು ಆ ಟಿಕೆಟ್ಟಿನ ದರ ನೋಡೋಣ. ಮೋಟಾರು ವಾಹನ ಕಾಯ್ದೆ 1988ರದು. ಅದರ 183ನೇ ಸೆಕ್ಷನ್ ಅತಿವೇಗಕ್ಕೆ. 2019ಕ್ಕಿಂತ ಮೊದಲು ಮೊದಲ ತಪ್ಪಿಗೆ ದಂಡ ಬರೀ 400 ರೂಪಾಯಿವರೆಗೆ, ಮತ್ತೆ ಸಿಕ್ಕರೆ ಸಾವಿರದವರೆಗೆ. 2019ರ ಸೆಪ್ಟೆಂಬರ್ 1ರಿಂದ ತಿದ್ದುಪಡಿ ಬಂತು. ಕಾರಿನಂಥ ಲಘು ವಾಹನಕ್ಕೆ ಸಾವಿರದಿಂದ ಎರಡು ಸಾವಿರ. ಲಾರಿ, ಬಸ್ಸಿನಂಥವಕ್ಕೆ ಎರಡರಿಂದ ನಾಲ್ಕು ಸಾವಿರ. ಮಹಾರಾಷ್ಟ್ರ ಸರ್ಕಾರ ಸ್ವಲ್ಪ ದಿನ ಸುಮ್ಮನಿದ್ದು, 2021ರ ಡಿಸೆಂಬರಿನಲ್ಲಿ ಹೊಸ ದರ ಜಾರಿ ಮಾಡಿತು. ಕಾರಿಗೆ ಎರಡು ಸಾವಿರ ಅಂತಾದದ್ದು ಆಗಲೇ.

ಇಷ್ಟು ನಿಮಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಅದೇ ಸೆಕ್ಷನ್ನಿನ ಮುಂದಿನ ಮಾತು. ಎರಡನೇ ಸಲ ಸಿಕ್ಕರೆ ಲೈಸೆನ್ಸನ್ನೇ ವಶಕ್ಕೆ ತೆಗೆದುಕೊಳ್ಳಬಹುದು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿತ್ತು: ಅತಿವೇಗಕ್ಕೆ ಕಡಿಮೆ ಅಂದರೆ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಅಂತ. ಎಲ್ಲ ಕಡೆ ಅದು ನಡೆಯುವುದಿಲ್ಲ, ಅದೇ ಕಷ್ಟ. ನಡೆದಿದ್ದರೆ ನಾನು ಇವತ್ತು ಇಲ್ಲಿಗೆ ರಿಕ್ಷಾದಲ್ಲಿ ಬರಬೇಕಿತ್ತು.

ದಂಡದ ಇತಿಹಾಸದಲ್ಲಿ ನನಗೆ ಇಷ್ಟವಾದ ಒಂದು ಕಥೆ ಇದೆ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ 1896ರ ಜನವರಿಯಲ್ಲಿ ಒಬ್ಬ ಕಾರು ಓಡಿಸಿಕೊಂಡು ಹೋದ. ಊರೊಳಗೆ ಮಿತಿ ಗಂಟೆಗೆ ಎರಡು ಮೈಲು. ಇವನು ಎಂಟು ಮೈಲಿನಲ್ಲಿ ಹೊರಟಿದ್ದ. ಊಟಕ್ಕೆ ಕೂತಿದ್ದ ಪೊಲೀಸಪ್ಪ ತಟ್ಟೆ ಬಿಟ್ಟು ಎದ್ದು, ಸೈಕಲ್ ಹತ್ತಿ, ಐದು ಮೈಲು ಬೆನ್ನಟ್ಟಿ ಹಿಡಿದ. ಅತಿವೇಗಕ್ಕೆ ದಂಡ ಒಂದು ಶಿಲ್ಲಿಂಗ್. ಅವನು ಕಾರು ಮಾರುವ ವ್ಯಾಪಾರಿ. ಒಂದು ಶಿಲ್ಲಿಂಗಿಗೆ ಅವನ ಹೆಸರು ಊರೆಲ್ಲ ಹಬ್ಬಿತು. ಅಲ್ಲಿಂದಲೇ ದಂಡ ಅಂದರೆ ಟಿಕೆಟ್!

ಫಿನ್ಲೆಂಡಿನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಜೋರಾಗಿ ಮಿತಿ ಮೀರಿದರೆ ದಂಡ ನಿಮ್ಮ ಆದಾಯದ ಲೆಕ್ಕದಲ್ಲಿ. 2023ರಲ್ಲಿ ಒಬ್ಬ ಶ್ರೀಮಂತ 50ರ ಜಾಗದಲ್ಲಿ 82ರಲ್ಲಿ ಹೋಗಿ 1,21,000 ಯೂರೋ ಕಟ್ಟಿದ. ನಮ್ಮ ದುಡ್ಡಿನಲ್ಲಿ ಕೋಟಿ ದಾಟುತ್ತದೆ. ಬಾಣೇರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದ ಹಾಗೆ.

ಸರಿ, ಸರ್ವೇಯರ್ ಕೆಲಸಕ್ಕೆ ಬರುತ್ತೇನೆ. ನಾನು ಸ್ಪಾಟ್ ಸರ್ವೆಗೆ ಹೋದಾಗ ಡ್ರೈವರ್ ಬದುಕಿದ್ದರೆ ಮೊದಲು ಕೇಳುತ್ತಿದ್ದದ್ದು, "ಎಷ್ಟರಲ್ಲಿ ಇದ್ರಿ?" ಉತ್ತರ ಯಾವಾಗಲೂ ಒಂದೇ. "ಅರವತ್ತರಲ್ಲಿದ್ದೆ ಸರ್." ಮೂವತ್ತೆರಡು ವರ್ಷ ಎಲ್ಲರೂ ಅರವತ್ತರಲ್ಲೇ ಇದ್ದರು. ಮಾರುತಿ 800 ಇದ್ದಾಗಲೂ ಅರವತ್ತು, ಈಗಿನ ದೊಡ್ಡ ದೊಡ್ಡ ಗಾಡಿ ಬಂದ ಮೇಲೂ ಅರವತ್ತು.

ಬಾಯಿ ಸುಳ್ಳು ಹೇಳಬಹುದು, ರಸ್ತೆ ಹೇಳುವುದಿಲ್ಲ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಕಾಲದಲ್ಲಿ ಬ್ರೇಕ್ ಒತ್ತಿದರೆ ಟಯರಿನ ಕಪ್ಪು ಗೆರೆ ಡಾಂಬರಿನ ಮೇಲೆ ಉಳಿಯುತ್ತಿತ್ತು. ಟೇಪ್ ಹಿಡಿದು ಅಳೆಯುತ್ತಿದ್ದೆ. ಒಣ ರಸ್ತೆಯಲ್ಲಿ ಅರವತ್ತರಲ್ಲಿರುವ ಕಾರು ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಸುಮಾರು 20 ಮೀಟರಿಗೆ ನಿಲ್ಲಬೇಕು. ಗೆರೆ 40 ಮೀಟರ್ ಇದ್ದರೆ ಗಾಡಿ 85ರ ಹತ್ತಿರ ಇತ್ತು ಅಂತ ಅರ್ಥ. ನೋಡಿ, ವೇಗ ದುಪ್ಪಟ್ಟಾಗಿಲ್ಲ, ಗೆರೆ ಮಾತ್ರ ದುಪ್ಪಟ್ಟಾಗಿದೆ. ಇದು ನಮ್ಮ ತಲೆಗೆ ಸುಲಭವಾಗಿ ಹೋಗದ ಲೆಕ್ಕ. ನಿಲ್ಲಲು ಬೇಕಾದ ದೂರ ವೇಗದ ವರ್ಗದ ಹಾಗೆ ಬೆಳೆಯುತ್ತದೆ. ಶಾಲೆಯಲ್ಲಿ ಓದಿ ಮಾರ್ಕ್ಸ್ ತಗೊಂಡವರೂ ಸ್ಟಿಯರಿಂಗ್ ಹಿಡಿದಾಗ ಮರೆಯುತ್ತಾರೆ.

ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಎರಡು ಕಾರು ಅಕ್ಕಪಕ್ಕ ಬರುತ್ತಿವೆ ಅಂತ ಇಟ್ಟುಕೊಳ್ಳಿ. ಒಂದು 50ರಲ್ಲಿ, ಇನ್ನೊಂದು 60ರಲ್ಲಿ. ಎದುರಿಗೆ ಒಂದು ಮಗು ಚೆಂಡಿನ ಹಿಂದೆ ಓಡಿ ಬರುತ್ತದೆ. ಇಬ್ಬರೂ ಒಂದೇ ಕ್ಷಣದಲ್ಲಿ ನೋಡಿದರು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಇಬ್ಬರಿಗೂ ಒಂದು ಸೆಕೆಂಡ್ ಕಳೆಯಿತು. 50ರವನು ಸುಮಾರು 28 ಮೀಟರಿಗೆ, ಮಗುವಿನ ಮುಂದೆಯೇ ನಿಂತ. ಅದೇ ಗೆರೆಯ ಹತ್ತಿರ ಬಂದಾಗ 60ರವನು ಎಷ್ಟರಲ್ಲಿರುತ್ತಾನೆ? ಹತ್ತರಲ್ಲಿ ಅಂದುಕೊಳ್ಳುತ್ತೀರಿ, ಅಲ್ವಾ? ಇನ್ನೂ ಸುಮಾರು 40ರಲ್ಲಿರುತ್ತಾನೆ. ಹತ್ತು ಕಿಲೋಮೀಟರಿನ ವ್ಯತ್ಯಾಸ ಮಗುವಿನ ಹತ್ತಿರ ಬರುವಾಗ ನಲವತ್ತಾಗಿರುತ್ತದೆ.

40 ಅಂದರೆ ಏನು? ಎರಡನೇ ಮಹಡಿಯಿಂದ ಬಿದ್ದ ಹಾಗೆ. 60 ಅಂದರೆ ನಾಲ್ಕನೇ ಮಹಡಿಗಿಂತ ಮೇಲಿನಿಂದ. 80 ಅಂದರೆ ಎಂಟನೇ ಮಹಡಿ. 100 ಅಂದರೆ ಹದಿಮೂರನೇ ಮಹಡಿ. 120 ಅಂದರೆ ಹತ್ತೊಂಬತ್ತು. ನಿಮ್ಮ ಹಿಂಜವಡಿ ಕಡೆಯ ಟವರ್‌ಗಳಲ್ಲಿ ಬಾಲ್ಕನಿಗೆ ಹೋಗಿ ಕೆಳಗೆ ನೋಡಿ. ಅಲ್ಲಿ ನಿಂತಾಗ ಕಾಲು ನಡುಗುವ ಮನುಷ್ಯನೇ ಕಾರಿನಲ್ಲಿ ಕೂತು ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಶೇಂಗಾ. ಎತ್ತರ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ. ಅದಕ್ಕೇ ಬೋರ್ಡಿನ ಮೇಲೆ ನಂಬರ್ ಬರೆದಿರುವುದು.

ಆ ನಂಬರ್ ಯಾರೋ ಸಾಹೇಬರು ಮನಸ್ಸಿಗೆ ಬಂದ ಹಾಗೆ ಬರೆದದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಒಮ್ಮೊಮ್ಮೆ ಹಾಗೂ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಘಾಟಿನಲ್ಲಿ ಹಾಗಲ್ಲ. ತಿರುವು ಎಷ್ಟು ಬಿಗಿ, ಇಳಿಜಾರು ಎಷ್ಟು, ತಿರುವಿನ ಆಚೆ ಎಷ್ಟು ದೂರ ಕಾಣುತ್ತದೆ, ಇದೆಲ್ಲ ಸೇರಿ ನಂಬರ್ ಬರುತ್ತದೆ. ಎಕ್ಸ್‌ಪ್ರೆಸ್‌ವೇ ಉದ್ದ ತೊಂಬತ್ನಾಲ್ಕೂವರೆ ಕಿಲೋಮೀಟರ್. ಬಯಲಿನಲ್ಲಿ ಕಾರಿಗೆ 100, ಬೋರ್ ಘಾಟಿನಲ್ಲಿ 60. ಕೇಂದ್ರ ಸರ್ಕಾರ 2018ರಲ್ಲಿ ಎಕ್ಸ್‌ಪ್ರೆಸ್‌ವೇಗಳಿಗೆ 120ರವರೆಗೆ ಅವಕಾಶ ಕೊಟ್ಟರೂ ಇಲ್ಲಿ 100ಕ್ಕೇ ನಿಲ್ಲಿಸಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ ಅಂತ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಲೋಣಾವಳದ ಮಂಜಿನಲ್ಲಿ ಒಮ್ಮೆ ಓಡಿಸಿ ನೋಡಿ, 100 ಕೂಡ ಜಾಸ್ತಿ ಅನಿಸುತ್ತದೆ.

ಈಗ ನಮ್ಮ ರಸ್ತೆಗೆ ಬರೋಣ. ನಮ್ಮದು ಅಂದರೆ ಊರಿಗೆ ಹೋಗುವ ರಸ್ತೆ. ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಣಪತಿಗೆ, ದೀಪಾವಳಿಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಅಂತ ಹೊರಡುವವರು. ಶುಕ್ರವಾರ ಆಫೀಸು ಮುಗಿಸಿ, ರಾತ್ರಿ ಊಟ ಮಾಡಿ, ಹತ್ತಕ್ಕೆ ಬಿಟ್ಟು, "ಬೆಳಗಿನ ಚಹಾ ಊರಾಗ" ಅನ್ನುವವರು. ಕಾತ್ರಜ್ ಸುರಂಗ, ಖಂಬಾಟ್ಕಿ ಘಾಟ್, ಸಾತಾರಾ, ಕರಾಡ್, ಕೊಲ್ಹಾಪುರ, ನಿಪ್ಪಾಣಿ. ಈ ಹೆಸರುಗಳು ನಮಗೆ ಬಾಯಿಪಾಠ. ನನಗೆ ಇವು ಫೈಲುಗಳೂ ಹೌದು.

ವಾಪಸ್ ಬರುವಾಗಿನ ಕೊನೆಯ ತುಣುಕು ನೋಡಿ. ಹೊಸ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜಿನವರೆಗೆ ಉದ್ದಕ್ಕೂ ಇಳಿಜಾರು. ಮನೆ ಬಂತು ಅಂತ ಮನಸ್ಸು ಸಡಿಲವಾಗುವ ಜಾಗವೂ ಅದೇ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಸಾತಾರಾ ಕಡೆಯಿಂದ ಇಳಿದ ಒಂದು ಟ್ರಕ್ಕು ಹಿಡಿತ ತಪ್ಪಿ, ಒಂದಕ್ಕೊಂದು ತಾಗಿ ಸುಮಾರು 48 ಗಾಡಿಗಳು ಜಖಂ ಆದವು. ಮೊದಲು ಎಲ್ಲರೂ ಬ್ರೇಕ್ ಫೇಲ್ ಅಂದರು. ಆಮೇಲೆ ಪೊಲೀಸರು ಹೇಳಿದ್ದು ಬೇರೆ: ಡ್ರೈವರ್ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದ್ದ ಅಂತ. 2025ರ ನವೆಂಬರ್ 13ರಂದು ಅದೇ ಕಡೆ ಕಂಟೇನರ್ ಲಾರಿ ನುಗ್ಗಿ, ಬೆಂಕಿ ಹತ್ತಿ, ಎಂಟು ಜನ ಹೋದರು.

ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡುವುದು, ನ್ಯೂಟ್ರಲ್‌ಗೆ ಹಾಕುವುದು ಹಳೆಯ ಚಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಟೆಂಪೊ, ಟ್ರಕ್ ಇಟ್ಟುಕೊಂಡವರು ಇದ್ದೀರಿ. ಗೇರಿನಲ್ಲಿದ್ದಾಗ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿದಿರುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಆ ಕೈ ಬಿಟ್ಟಂತೆ. ಪೂರ್ತಿ ಭಾರ ಬ್ರೇಕಿನ ಮೇಲೆ. ಒತ್ತಿ ಒತ್ತಿ ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. ಎಂಜಿನ್ನೂ ಬಂದ್ ಆಗಿದ್ದರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಒತ್ತಿ ಒತ್ತಿ ಗಾಳಿ ತೀರಿದ ಮೇಲೆ ಪೆಡಲ್ ಇರುತ್ತದೆ, ಬ್ರೇಕ್ ಇರುವುದಿಲ್ಲ. "ಬ್ರೇಕ್ ಫೇಲ್" ಅಂತ ಬರೆದುಕೊಟ್ಟ ಕ್ಲೇಮುಗಳಲ್ಲಿ ಗಾಡಿ ಬಿಚ್ಚಿ ನೋಡಿದರೆ ಎಷ್ಟೋ ಸಲ ಬ್ರೇಕಿನ ಭಾಗಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಇಳಿಯುವ ಮೊದಲೇ ಗೇರ್ ಇಳಿಸಿ, ಮಿತಿಯೊಳಗೆ ಇದ್ದಿದ್ದರೆ ಬ್ರೇಕಿಗೆ ಅಷ್ಟು ಕೆಲಸವೇ ಇರುತ್ತಿರಲಿಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಹಳೆಯ ಡ್ರೈವರುಗಳು ಹೇಳುತ್ತಿದ್ದರು.

ಒಂದು ಗಾಡಿ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ವರ್ಷ, ಜಾಗ ಹೇಳುವುದಿಲ್ಲ. ಸಾತಾರಾದ ಆಚೆ, ಕೆಎ 25 ನಂಬರಿನ ಕಾರು. ಧಾರವಾಡದ್ದು, ನನ್ನೂರಿನದು. ನಿಂತ ಲಾರಿಯ ಹಿಂದೆ ಹೊಕ್ಕಿತ್ತು. ನಾನು ಹೋಗುವಷ್ಟರಲ್ಲಿ ಎಲ್ಲರನ್ನೂ ಸಾಗಿಸಿಯಾಗಿತ್ತು. ಒಳಗೆ ಬಗ್ಗಿ ಫೋಟೋ ತೆಗೆಯಬೇಕಿತ್ತು. ಹಿಂದಿನ ಸೀಟಿನ ತುಂಬ ಶೇಂಗಾ ಚಟ್ನಿಯ ಪುಡಿ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿ, ಒಂದೂ ಮುರಿದಿರಲಿಲ್ಲ. ಚಾಸಿ ಬಗ್ಗಿತ್ತು, ಎಂಜಿನ್ ಒಳಗೆ ಬಂದಿತ್ತು, ರೊಟ್ಟಿ ಹಾಗೇ ಇತ್ತು. ನಾನು ರಿಪೋರ್ಟಿನಲ್ಲಿ ಟೋಟಲ್ ಲಾಸ್ ಅಂತ ಬರೆದೆ. ಅದಕ್ಕಿಂತ ಬೇರೆ ಶಬ್ದ ನಮ್ಮ ಫಾರ್ಮಿನಲ್ಲಿ ಇಲ್ಲ.

ಇಷ್ಟೆಲ್ಲ ಯಾವ ಲಾಭಕ್ಕೆ ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ನೂರು ಕಿಲೋಮೀಟರ್ ದಾರಿಗೆ 80ರ ಬದಲು 100ರಲ್ಲಿ ಹೋದರೆ ಕಾಲು ಗಂಟೆ ಉಳಿತಾಯ. 100ರ ಬದಲು 120ರಲ್ಲಿ ಹೋದರೆ ಹತ್ತು ನಿಮಿಷ. 120ರ ಬದಲು 140ರಲ್ಲಿ ಏಳೇ ನಿಮಿಷ. ಮಹಡಿಗಳು ಮೇಲೇರುತ್ತ ಹೋಗುತ್ತವೆ, ಉಳಿಯುವ ನಿಮಿಷ ಇಳಿಯುತ್ತ ಹೋಗುತ್ತದೆ. ಅದೂ ಒಮ್ಮೆಯೂ ಬ್ರೇಕ್ ಒತ್ತದೆ ಓಡಿಸಿದರೆ. ಎಕ್ಸ್‌ಪ್ರೆಸ್‌ವೇ ಪೂರ್ತಿ 120ರಲ್ಲಿ ಹಾರಿದವನು ಉಳಿಸುವ ಹತ್ತು ನಿಮಿಷವನ್ನು ವಾಶಿಯ ಟೋಲ್ ಹತ್ತಿರ ಕೂತು ಕಳೆಯುತ್ತಾನೆ. ನಾನು ಆ ದಿನ ಕಳೆದಿದ್ದೇನೆ. ಮುಹೂರ್ತವೂ ತಪ್ಪಿತು. ಊಟ ಸಿಕ್ಕಿತು.

ಕಾನೂನಿನ ಇನ್ನೊಂದು ಮೂಲೆ ಇದೆ, ಅದನ್ನು ಹೋಟೆಲ್, ಕೇಟರಿಂಗ್, ಸಾಗಾಟದ ಕೆಲಸದಲ್ಲಿರುವ ಗೆಳೆಯರು ಕೇಳಬೇಕು. ಅದೇ 183ನೇ ಸೆಕ್ಷನ್ ಪ್ರಕಾರ, ನಿಮ್ಮ ಕೈಕೆಳಗಿನ ಡ್ರೈವರನನ್ನು ಮಿತಿ ಮೀರಿ ಓಡಿಸುವಂತೆ ಮಾಡಿದರೆ ನಿಮಗೂ ದಂಡ. ಅಷ್ಟೇ ಅಲ್ಲ. ಇಂಥ ದೂರವನ್ನು ಇಷ್ಟೇ ಹೊತ್ತಿನಲ್ಲಿ ಮುಟ್ಟಬೇಕು ಅಂತ ನೀವು ವೇಳಾಪಟ್ಟಿ ಹಾಕಿದರೆ ಅಥವಾ ಹೇಳಿದರೆ, ಮಿತಿ ಮೀರದೆ ಅದು ಸಾಧ್ಯವಿಲ್ಲ ಅಂತ ಕೋರ್ಟಿಗೆ ಕಂಡರೆ, ಆ ಮಾತೇ ಮೇಲ್ನೋಟದ ಸಾಕ್ಷಿ. "ಎಲ್ಲಿದ್ದಿಯೋ, ಒಂದು ತಾಸಿನಾಗ ಕರಾಡದಿಂದ ಪುಣೆ ಮುಟ್ಟು" ಅಂತ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸುವ ಮಾಲಕರು ಸ್ವಲ್ಪ ಯೋಚನೆ ಮಾಡಿ. ಬೇಗ ಬೇಗ ಡೆಲಿವರಿ ಅಂತ ಹುಡುಗರನ್ನು ಓಡಿಸುವವರ ವಿಷಯದಲ್ಲೂ ಈ ಮಾತನ್ನು ಯಾರಾದರೂ ಗಟ್ಟಿಯಾಗಿ ಎತ್ತಬೇಕು ಅಂತ ನನಗೆ ಅನಿಸುತ್ತದೆ.

ಇನ್ನು ಎರಡು ಸಾವಿರದ ಟಿಕೆಟ್ಟಿನ ನಿಜವಾದ ಬೆಲೆ. ನಮ್ಮ ಕರ್ನಾಟಕದ್ದೇ ಪ್ರಕರಣ. 2014ರ ಜೂನಿನಲ್ಲಿ ಅರಸೀಕೆರೆಗೆ ಹೋಗುತ್ತಿದ್ದ ಒಬ್ಬರ ಕಾರು ಮಗುಚಿ ಅವರು ತೀರಿಕೊಂಡರು. ಓಡಿಸುತ್ತಿದ್ದವರು ಅವರೇ. ಹೆಂಡತಿ, ಮಗ, ತಂದೆ ತಾಯಿ 80 ಲಕ್ಷ ಪರಿಹಾರ ಕೇಳಿದರು. ಟ್ರಿಬ್ಯುನಲ್ ಕೊಡಲಿಲ್ಲ, ಹೈಕೋರ್ಟ್ ಕೊಡಲಿಲ್ಲ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಕೊಡಲಿಲ್ಲ. ಅತಿವೇಗದಿಂದ, ಅಜಾಗರೂಕತೆಯಿಂದ ಓಡಿಸಿ ತಾನೇ ಅಪಘಾತಕ್ಕೆ ಕಾರಣನಾದವನ ಕುಟುಂಬ ಇಂಥ ಪರಿಹಾರ ಕೇಳಲು ಬರುವುದಿಲ್ಲ ಅಂದರು. ಥರ್ಡ್ ಪಾರ್ಟಿ ವಿಮೆ ಅಂದರೆ ಹೆಸರೇ ಹೇಳುವ ಹಾಗೆ ಮೂರನೆಯವರಿಗೆ. ಮಾಲಕ-ಚಾಲಕರಿಗೆ ಅಂತ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆ ಇದೆ. ಪಾಲಿಸಿ ಮಾಡಿಸುವಾಗ ನಾಲ್ಕು ಕಾಸು ಉಳಿಸಲು ಅದನ್ನು ತೆಗೆಸಬೇಡಿ, ಮನೆಗೆ ಹೋಗಿ ಪಾಲಿಸಿಯಲ್ಲಿ ಅದು ಇದೆಯಾ ನೋಡಿ.

ಬೇರೆಯವರು ಸತ್ತರೆ? ಆಗ ಅದು ಚಲನ್ ಅಲ್ಲ. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷದವರೆಗೆ ಜೈಲು. ಹಳೆಯ ಕಾಯ್ದೆಯಲ್ಲಿ ಎರಡು ವರ್ಷ ಇತ್ತು.

ಪುಣೆಯಲ್ಲಿ ನಿಂತು ಕಲ್ಯಾಣಿ ನಗರದ ಮಾತು ಎತ್ತದಿದ್ದರೆ ಹೇಗೆ? 2024ರ ಮೇ 19ರ ನಸುಕಿನಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಶೆ ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಬಾಲ ನ್ಯಾಯ ಮಂಡಳಿ ಜಾಮೀನು ಕೊಡುವಾಗ ಹಾಕಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದು. ದೇಶವೆಲ್ಲ ಸಿಟ್ಟಾಯಿತು. ನನ್ನ ಈ ಮಾತೇ 300 ಪದ ಯಾವಾಗಲೋ ದಾಟಿದೆ, ಅದರಿಂದ ನಾನೇನೂ ಸುಧಾರಿಸಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಒಂದು ಅಂಕಿ. ಆ ಕಾರು ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯಲ್ಲಿ ಬಂದಿತ್ತು. ಇಲ್ಲಿ ಪಕ್ಕಾ ನೋಂದಣಿಗೆ ಕಟ್ಟಬೇಕಿದ್ದ ಶುಲ್ಕ 1,758 ರೂಪಾಯಿ ಬಾಕಿ ಇತ್ತು. ಕೋಟಿ ಬೆಲೆಯ ಕಾರು, 1,758 ಬಾಕಿ! ಲೈಸೆನ್ಸ್ ಇಲ್ಲದ ಮಗನ ಕೈಗೆ ಕೀಲಿ ಕೊಟ್ಟರೆ ತಂದೆ ತಾಯಿಗೆ ಅಥವಾ ಮಾಲಕನಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದು 199ಎ ಸೆಕ್ಷನ್. ಪೋರ್ಶೆಗೆ ಮಾತ್ರ ಅಲ್ಲ, ಟ್ಯೂಷನ್ನಿಗೆ ಅಂತ ಕೊಟ್ಟ ಸ್ಕೂಟರಿಗೂ.

ಈಗ ಸರ್ಕಾರದ ಕಡೆಗೂ ಎರಡು ಮಾತು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71 ಸಾವು ಅತಿವೇಗದ ಖಾತೆಗೆ ಹೋಗಿದೆ. ನನಗೆ ಈ ಅಂಕಿಯ ಬಗ್ಗೆ ಸ್ವಲ್ಪ ಅನುಮಾನವಿದೆ. ವೇಗ ಕಾರಣವಲ್ಲ ಅಂತ ಅಲ್ಲ. ಪಂಚನಾಮೆಯಲ್ಲಿ ಬರೆಯಲು ಸುಲಭವಾದದ್ದು ಅತಿವೇಗ. ಡಿವೈಡರ್ ಒಡೆದಿತ್ತು, ಕೆಟ್ಟ ಲಾರಿ ದೀಪವಿಲ್ಲದೆ ನಿಂತಿತ್ತು, ತಿರುವಿನ ಬೋರ್ಡೇ ಇರಲಿಲ್ಲ ಅಂತ ಬರೆದರೆ ಯಾರೋ ಜವಾಬ್ದಾರಿ ಹೊರಬೇಕಾಗುತ್ತದೆ. ಖಂಬಾಟ್ಕಿ ಸುರಂಗ ದಾಟಿದ ಮೇಲಿನ ಎಸ್ ಆಕಾರದ ತಿರುವಿನಲ್ಲಿ ಎಷ್ಟು ವರ್ಷ ಎಷ್ಟು ಜನ ಹೋದರು! ಅಲ್ಲಿ ಡ್ರೈವರ್ ಒಬ್ಬನದೇ ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ರಸ್ತೆ ಸುರಕ್ಷತೆಗೆ ದುಡಿಯುವ ಸೇವ್‌ಲೈಫ್ ಫೌಂಡೇಶನ್ನಿನವರು ರಸ್ತೆ ಅಭಿವೃದ್ಧಿ ನಿಗಮದ ಜೊತೆ 2016ರಿಂದ ಕೆಲಸ ಮಾಡಿದಾಗ ಡ್ರೈವರಿಗೆ ಬರೀ ಬುದ್ಧಿ ಹೇಳಲಿಲ್ಲ. ತಡೆಗೋಡೆ, ಬೋರ್ಡು, ನಿಂತ ಗಾಡಿ ತೆರವು, ಆಂಬುಲೆನ್ಸ್, ಎಲ್ಲವನ್ನೂ ಹಿಡಿದರು. ಸಾವು ಇಳಿಯಿತು.

ಬೋರ್ಡುಗಳ ವಿಷಯವೂ ಹಾಗೆಯೇ. ಮರದ ಕೊಂಬೆಯ ಹಿಂದೆ ಒಂದು, 80 ಇದ್ದದ್ದು ಒಮ್ಮೆಲೇ 40 ಆಗುವ ಕಡೆ ಒಂದು. ಹೀಗಿದ್ದರೆ ಜನ ನಂಬರನ್ನು ನಂಬುವುದಿಲ್ಲ. ಕ್ಯಾಮೆರಾ ಇರುವ ಕಡೆ ಮೊದಲೇ ತಿಳಿಸುವ ಬೋರ್ಡ್ ಇರಬೇಕು, ನೋಟಿಸು 15 ದಿನದೊಳಗೆ ಬರಬೇಕು ಅಂತ 2021ರ ನಿಯಮವೇ ಇದೆ. ಪೊಲೀಸರು "ಜೋರಾಗಿ ಹೋದ ಹಾಗೆ ಕಂಡಿತು" ಅಂದರೆ ಸಾಲದು, ಯಂತ್ರದ ಅಳತೆ ಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಆದರೂ ನಾನು ಕ್ಯಾಮೆರಾ ಕಡೆಯವನು. ಯಾಕೆಂದರೆ ಜನರ ವೇಗ ಇಳಿಸುವುದು ದಂಡದ ಮೊತ್ತ ಅಲ್ಲ, ಸಿಕ್ಕೇ ಸಿಗುತ್ತೇನೆ ಅನ್ನುವ ಖಾತ್ರಿ. ಹಿಂದೆ ಎದುರಿನ ಲಾರಿಯವನು ಲೈಟ್ ಮಿಟುಕಿಸಿದರೆ ಮುಂದೆ ಪೊಲೀಸ್ ಇದ್ದಾರೆ ಅಂತ ಅರ್ಥ. ಒಂದು ಕಿಲೋಮೀಟರ್ ಎಲ್ಲರೂ ಸಾಧುಗಳು. ಈಗ ಆ ಕೆಲಸವನ್ನು ಮೊಬೈಲಿನ ಮ್ಯಾಪ್ ಮಾಡುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ 2024ರ ಜುಲೈನಿಂದ ಬಂದ ವ್ಯವಸ್ಥೆ ಇದಕ್ಕೂ ಮದ್ದು ಇಟ್ಟುಕೊಂಡಿದೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಷ್ಟು ಹೊತ್ತಿನಲ್ಲಿ ಬಂದಿರಿ ಅಂತಲೂ ಲೆಕ್ಕ ಹಾಕುತ್ತದೆ. ಹತ್ತು ಕಿಲೋಮೀಟರನ್ನು ಐದು ನಿಮಿಷದಲ್ಲಿ ಮುಟ್ಟಿದರೆ ಸರಾಸರಿ 120. ಕ್ಯಾಮೆರಾ ಕೆಳಗೆ ನೀವು ನಮಸ್ಕಾರ ಮಾಡಿಕೊಂಡು ನಿಧಾನ ಹೋದರೂ ಪ್ರಯೋಜನವಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

ಮೊದಲ ಪ್ರಶ್ನೆ ಐಟಿ ಕಂಪನಿಯ ಹುಡುಗನೊಬ್ಬನದು. ಮಿತಿಯಲ್ಲಿ ಹೋದರೆ ಹಿಂದಿನವರು ಹಾರ್ನ್ ಹೊಡೆದು, ಲೈಟ್ ಹಾಕಿ ಜೀವ ತಿನ್ನುತ್ತಾರೆ, ಏನು ಮಾಡಬೇಕು ಸರ್? ನಾನು ಕೇಳಿದೆ, ಯಾವ ಲೇನಿನಲ್ಲಿ ಇರುತ್ತೀರಿ? ಬಲಗಡೆ ಅಂದ. ಬಲಗಡೆಯ ಲೇನ್ ಓವರ್‌ಟೇಕ್ ಮಾಡಲು, ಸಂಸಾರ ಹೂಡಲು ಅಲ್ಲ. ಎಡಕ್ಕೆ ಬನ್ನಿ, ಅವನು ಹೋಗಲಿ. ಅವನನ್ನು ನಿಲ್ಲಿಸುವ ಕೆಲಸ ನಿಮ್ಮದಲ್ಲ.

ಮಾಡದ ತಪ್ಪಿಗೆ ಚಲನ್ ಬಂದರೆ ಅಂತ ಒಬ್ಬರು ಕೇಳಿದರು. ಚಲನ್ ಜೊತೆ ಫೋಟೋ ಇರುತ್ತದೆ. ನಂಬರ್, ಗಾಡಿಯ ಬಣ್ಣ, ಮಾಡೆಲ್ ನಿಮ್ಮದೇನಾ ನೋಡಿ. ಅಲ್ಲದಿದ್ದರೆ ಆನ್‌ಲೈನಿನಲ್ಲಿ ದೂರು ಹಾಕಲು ಅವಕಾಶವಿದೆ. ಇನ್ನೊಂದು, ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಹಣ ಕಟ್ಟಬೇಡಿ. ಚಲನ್ ಹೆಸರಿನಲ್ಲಿ ಕಳ್ಳ ಆ್ಯಪ್ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರು ಹುಟ್ಟಿಕೊಂಡಿದ್ದಾರೆ. ಕೇಂದ್ರ ಸರ್ಕಾರದ ಪರಿವಾಹನ್ ಅಥವಾ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಸೈಟಿಗೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

"ಅತಿ ಘಾಯಿ ಸಂಕಟಾತ್ ನೇಯಿ, ಅಂದ್ರೆ ಅತಿ ಅವಸರ ಸಂಕಟಕ್ಕೆ ಒಯ್ಯುತ್ತೆ ಅಂತ ಮರಾಠಿಯಲ್ಲಿ ಎಲ್ಲ ಕಡೆ ಬರೆದಿದ್ದಾರಲ್ರೀ, ಅದನ್ನ ಓದಿ ಯಾರಾದ್ರೂ ನಿಧಾನ ಆಗಿದ್ದಾರಾ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ನಾನು ನೋಡಿಲ್ಲ. ಅದನ್ನು ಓದಬೇಕಾದರೆ ಮೊದಲೇ ನಿಧಾನ ಇರಬೇಕು.

ಕೊನೆಗೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಜ್ಜಾ, ನಮ್ಮ ಕಾರು ಹೈವೇದಾಗ ಟಿಂಗ್ ಟಿಂಗ್ ಅಂತ ಅಂತದ. ಯಾಕ?"

2019ರ ಜುಲೈ ಆದ ಮೇಲೆ ಬಂದ ಎಲ್ಲ ಕಾರುಗಳಲ್ಲೂ ಅದು ಇರಲೇಬೇಕು ಅಂತ ಹೇಳಿದೆ. 80 ದಾಟಿದರೆ ಬಿಟ್ಟು ಬಿಟ್ಟು ಬಡಿಯುತ್ತದೆ. 120 ದಾಟಿದರೆ ಬಿಡದೆ ಬಡಿಯುತ್ತದೆ. "ನಿಮ್ಮ ಕಾರು ಹ್ಯಾಂಗ ಬಡೀತದ?" ಅಂತ ಕೇಳಿದೆ.

"ಮೊದಲು ಬಿಟ್ಟು ಬಿಟ್ಟು. ಆಮ್ಯಾಲ ಬಿಡದs. ಆಗ ಪಪ್ಪಾ ಹಾಡಿನ ಸೌಂಡ್ ಜೋರ್ ಮಾಡ್ತಾರ."

ಸಭೆಯೆಲ್ಲ ಹಿಂದೆ ತಿರುಗಿತು. ಅವಳ ಪಪ್ಪಾ ಚಹಾ ಬಂತೇನು ನೋಡುತ್ತೇನೆ ಅಂತ ಎದ್ದು ಹೊರಗೆ ಹೋದರು.